ಟೈಪಿಂಗ್ ಮೇಷ್ಟ್ರ ಕಿವಿ

"ನಾನು ಟೈಪ್ ಮಾಡ್ಕೊಡ್ತೀನಿ ಮೇಡಂ, ಅವ್ಳು ಬಾಯಲ್ಲಿ ಹೇಳ್ಲಿ ಸಾಕು" ಎಂದು ಚನ್ನವೀರಯ್ಯ ಮೇಷ್ಟ್ರು ಪರೀಕ್ಷೆಯ ಕೋಣೆಯ ಬಾಗಿಲಿಗೇ ಅಡ್ಡ ನಿಂತರು. ಮಗಳು ಭೂಮಿಕಾಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಹೋದ ವಾರ ಸ್ಕೂಟಿಯಿಂದ ಬಿದ್ದಿದ್ದಳು. ತುಮಕೂರು ಮರಳೂರಿನ ಆ ಇಂಟರ್‌ನೆಟ್ ಕಂಪನಿಯಲ್ಲಿ ಖಾಲಿ ಇದ್ದದ್ದು ಒಂದೇ ಕೆಲಸ. ಹೊಸ ರೌಟರಿಗೆ ಕಂಪ್ಯೂಟರಿನಿಂದ ಕಮಾಂಡುಗಳನ್ನು ಟೈಪ್ ಮಾಡಿ ನೆಟ್ ಬರುವಂತೆ ಮಾಡಬೇಕು. ತಪ್ಪಿಲ್ಲದೆ ಮೊದಲು ಮುಗಿಸಿದವರಿಗೆ ಆ ಕೆಲಸ.

"ಹೊರಗಿನವ್ರು ಮುಟ್ಟೋ ಹಾಗಿಲ್ಲ ಸಾರ್" ಎಂದರು ಪರೀಕ್ಷೆ ನಡೆಸುತ್ತಿದ್ದ ಸುಮನಾ. "ಬೇಕಾದ್ರೆ ಇವ್ರ ಟೈಮಲ್ಲಿ ಹತ್ತು ನಿಮಿಷ ಕಮ್ಮಿ ಮಾಡಿ ಲೆಕ್ಕ ಹಾಕ್ತೀವಿ."

"ಏನೂ ಬ್ಯಾಡ ಮೇಡಂ. ಎಲ್ರಿಗೂ ಇರೋದೇ ನಂಗೂ ಇರ್ಲಿ" ಎಂದಳು ಭೂಮಿಕಾ.

"ಏನೇ ನಿಂಗೆ ಇಷ್ಟೊಂದು ಜಂಬ? ಎಡಗೈಲಿ ಅದೇನ್ ಟೈಪ್ ಮಾಡ್ತೀಯೇ?"

"ನೀನು ಹೋಗಿ ಕೂತ್ಕಳಪ್ಪ" ಎಂದು ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು.

ಜಂಬದ ಮಾತನ್ನು ಮೇಷ್ಟ್ರು ಎತ್ತಬಾರದಿತ್ತು. ಗುಬ್ಬಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು ಅವರು. ತಾಲ್ಲೂಕಿನ ಅರ್ಧಕ್ಕರ್ಧ ಗುಮಾಸ್ತರು ಅವರ ಕೈಯಲ್ಲೇ ಪಳಗಿದವರು. ಒಂದು ಅಕ್ಷರ ನುಂಗಿದರೂ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಯಾರ ಹಾಳೆಯನ್ನೂ ನೋಡದೆ, ಆಚೆ ಕೋಣೆಯಲ್ಲಿ ಕೂತು ಬರೀ ಸದ್ದು ಕೇಳಿ ಯಾರು ಪಾಸು, ಯಾರು ಡುಮ್ಕಿ ಎಂದು ಹೇಳಿಬಿಡುತ್ತಿದ್ದರು. ಆ ಕಿವಿಯ ಬಗ್ಗೆ ಅವರಿಗಿದ್ದ ಹೆಮ್ಮೆ ಊರಿಗೆಲ್ಲ ಗೊತ್ತಿತ್ತು.

ಈಗಲೂ ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕಿವಿಗೊಟ್ಟರು. ಒಳಗಿದ್ದ ಇನ್ನಿಬ್ಬರು ಹುಡುಗರ ಕೀಬೋರ್ಡುಗಳು ಕಡಲೆ ಹುರಿದಂತೆ ಚಟಪಟ ಎನ್ನುತ್ತಿದ್ದವು. ನಡುವೆ ಎಲ್ಲೋ ಒಂದು ಕೈಯ ಸದ್ದು. ಟಕ್ಕು ಟಕ್ಕು. ಆಮೇಲೆ ಮೌನ. ಮತ್ತೆ ಟಕ್ಕು. ಒಂದು ಪದ ಪೂರ್ತಿಯಾಗುವಷ್ಟೂ ಕೀ ಒತ್ತುತ್ತಿಲ್ಲ ಹುಡುಗಿ. ಒಳಗೆ ಹೋಗುವಾಗ ಅವಳನ್ನು ಬೈಯಬಾರದಿತ್ತು ಅನ್ನಿಸಿತು ಮೇಷ್ಟ್ರಿಗೆ. ಕೆಲಸ ಕೈಬಿಟ್ಟಿತು, ಇನ್ನು ತಟ್ಟೆ ಇಡ್ಲಿ ತಿನ್ನಿಸಿ ಸಮಾಧಾನ ಮಾಡಿ ಬಸ್ಸು ಹತ್ತಿಸುವುದು ಎಂದು ತೀರ್ಮಾನಿಸಿದರು.

ಅಷ್ಟರಲ್ಲಿ ಭೂಮಿಕಾ ಹೊರಗೆ ಬಂದಳು. ಒಳಗೆ ಚಟಪಟ ಇನ್ನೂ ನಡೆದೇ ಇತ್ತು.

"ಬಿಟ್ಟು ಬಂದ್ಯಾ? ಹೋಗ್ಲಿ ಬುಡು ಮಗಳೇ."

"ಮುಗೀತಪ್ಪ."

"ಸುಳ್ ಹೇಳ್ಬೇಡ. ಕೇಳಿಸ್ಕೋತಾನೇ ಇದ್ದೆ. ಎರಡು ಅಕ್ಷರ ಒತ್ತೋದು, ಸುಮ್ನಾಗೋದು!"

"ಅಷ್ಟೇ ಸಾಕಪ್ಪ ಅದಕ್ಕೆ. 'ಕಾನ್ಫಿಗರ್ ಟರ್ಮಿನಲ್' ಅಂತ ಉದ್ದುದ್ದ ಯಾಕೆ? 'ಕಾನ್ಫ್ ಟಿ' ಅಂದ್ರೆ ಆಯ್ತು. ಬೇರೆ ಯಾವ ಕಮಾಂಡೂ ಅಲ್ಲ, ಇದೇ ಅಂತ ಗುರ್ತು ಸಿಗೋವಷ್ಟು ಅಕ್ಷರ ಕೊಟ್ರೆ ಮಿಕ್ಕಿದ್ದು ರೌಟರಿಗೇ ಗೊತ್ತಾಗ್ತದೆ. ಅದೇ ಸಾಲು ಮತ್ತೆ ಬೇಕಂದ್ರೆ ಮೇಲಿನ ಬಾಣದ ಕೀ ಒಂದ್ಸಲ ಒತ್ತೋದು. ಬಿದ್ದ ದಿನದಿಂದ ಎಡಗೈಲಿ ಇದನ್ನೇ ಅಭ್ಯಾಸ ಮಾಡ್ತಾ ಇದೀನಿ."

"ಅಂದ್ರೆ ಅಕ್ಷರ ನುಂಗ್ತೀಯ! ನನ್ ಮಗಳಾಗಿ!"

"ನುಂಗ್ತೀನಿ."

ಹಿಂದೆಯೇ ಬಂದ ಸುಮನಾ ನಗುತ್ತಿದ್ದರು. "ಆ ಹುಡುಗ್ರಿಗೂ ಇದು ಗೊತ್ತಿರೋದೇ ಸಾರ್. ಗಾಬರೀಲಿ ಪೂರ್ತಿ ಪೂರ್ತಿ ಬರೀತಾ ಕೂತವ್ರೆ. ಇವ್ರದ್ದು ಚೆಕ್ ಮಾಡಿದೀನಿ, ಒಂದೂ ತಪ್ಪಿಲ್ಲ. ರಿಯಾಯಿತಿನೂ ಇಲ್ದೆ ಫಸ್ಟು. ಕೈ ವಾಸಿ ಆದ್ಮೇಲೆ ಬಂದ್ರೂ ಆಯ್ತಮ್ಮ, ಕೆಲ್ಸ ನಿಮ್ದೇ."

"ಸೋಮವಾರನೇ ಬರ್ತೀನಿ ಮೇಡಂ" ಎಂದಳು ಭೂಮಿಕಾ.

ಮೇಷ್ಟ್ರ ಕಿವಿ ಜೀವನದಲ್ಲಿ ಮೊದಲ ಸಲ ಸೋತಿತ್ತು. ಸೋತದ್ದಕ್ಕೆ ಇಷ್ಟೊಂದು ಖುಷಿಪಟ್ಟವರನ್ನು ಮರಳೂರು ಕಂಡಿರಲಾರದು. ಎದುರಿಗೆ ಬಂದ ಸೆಕ್ಯೂರಿಟಿಯವನಿಗೂ "ನನ್ ಮಗಳು" ಎಂದು ಹೇಳಿ, ಮೆಟ್ಟಿಲಿಳಿದು, ಗುಬ್ಬಿಯಲ್ಲಿದ್ದ ಹೆಂಡತಿ ಕರಿಬಸಮ್ಮನಿಗೆ ಫೋನ್ ಮಾಡಿದರು. ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದರು. ಮುರಿದ ಕೈ, ಬೇಡವೆಂದ ರಿಯಾಯಿತಿ, ಹಿಂದೆ ಬಿದ್ದ ಹುಡುಗರು, ಸೋಮವಾರದ ಕೆಲಸ, ಯಾವುದೂ ಬಿಟ್ಟುಹೋಗುವಂತಿರಲಿಲ್ಲ.

"ಏನಾಯ್ತ್ರೀ?" ಎಂದರು ಕರಿಬಸಮ್ಮ.

"ಲೇ, ನಮ್ ಭೂಮಿ..." ಎಂದರು ಮೇಷ್ಟ್ರು. ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ.

"ಗೊತ್ತಾಯ್ತು ಬುಡಿ" ಎಂದಿತು ಆ ಕಡೆಯ ದನಿ. "ಒಬ್ಬಟ್ಟಿಗೆ ಬೇಳೆ ಇಡ್ತೀನಿ, ಬೇಗ ಬನ್ನಿ."