ಎಡಗಾಲಿನ ಗೆರೆ

ಮಾನಿಟರಿನ ಪರದೆಯ ಮೇಲೆ ಸುಬ್ಬಮ್ಮನ ಎಡಗಾಲಿನ ನರದ ಗೆರೆ ಕುಸಿದದ್ದನ್ನು ಮೊದಲು ಕಂಡವಳು ಭವ್ಯಶ್ರೀಯೇ. ಬೆನ್ನಿನ ಆಪರೇಷನ್ ನಡೆಯುವಾಗ ರೋಗಿಯ ನರಗಳನ್ನು ಕಾಯುವ ಕೆಲಸಕ್ಕೆಂದೇ ಎಂ.ಎಸ್ಸಿ. ಓದುತ್ತಿದ್ದಳು. ಗೆರೆ ಕುಸಿದರೆ ತಕ್ಷಣ ಕೂಗಬೇಕು, ಅದೇ ಮೊದಲ ಪಾಠ. ಆದರೆ ಹೋದ ವಾರ ನರದ ಮಿಡಿತ ಹಿಡಿಯಲು ಪಾದಕ್ಕೆ ಚುಚ್ಚಿದ್ದ ಸೂಜಿ ಸಡಿಲವಾಗಿ ಗೆರೆ ಕುಸಿದದ್ದಕ್ಕೇ ಕೂಗಿಬಿಟ್ಟು, ಡಾಕ್ಟರ ಕೈಲಿ ಎಲ್ಲರೆದುರು ಬೈಸಿಕೊಂಡಿದ್ದಳು. ಈಗ ಬಗ್ಗಿ ಸೂಜಿ ಮುಟ್ಟಿ ನೋಡಿದಳು. ಗಟ್ಟಿಯಾಗಿಯೇ ಇತ್ತು. ಆದರೂ ಬಾಯಿ ತೆರೆಯಲಾಗಲಿಲ್ಲ.

"ಸಾರ್, ನಿಲ್ಸಿ! ಎಡಗಾಲು!" ಹಿಂದಿನಿಂದ ಕೂಗಿದವರು ಅವಳಿಗೆ ಕಲಿಸುವ ಲತಾ ಮೇಡಂ. ಡಾಕ್ಟರು ಬೆನ್ನುಮೂಳೆಗೆ ಬಿಗಿಯುತ್ತಿದ್ದ ಸ್ಕ್ರೂ ಸಡಿಲಿಸಿದರು. ಗೆರೆ ಮೆಲ್ಲಗೆ ಮೇಲೆದ್ದಿತು. ಮೇಡಂ ಅವಳನ್ನೊಮ್ಮೆ ನೋಡಿದರು, ಬೈಯಲೂ ಇಲ್ಲ.

ಮೂರನೇ ದಿನ ವಾರ್ಡಿಗೆ ಹೋದಾಗ ಸುಬ್ಬಮ್ಮ ಮಂಚದ ಮೇಲೆ ಕೂತೇ ಕೈ ಮುಗಿದರು. "ನನ್ ಕಾಲ್ ಕಾದೋಳು ನೀನೇ ಅಂತಲ್ಲವ್ವ! ನಮ್ ಅಳೇಕೋಟೆ ಕಡೆಯೋಳೇ ಅಂತೆ."

ಕೂಗಿದ್ದು ನಾನಲ್ಲಜ್ಜಿ ಎನ್ನಬೇಕಿತ್ತು ಭವ್ಯಶ್ರೀ. ತಲೆ ತಗ್ಗಿಸಿ, ತಪ್ಪಾಯಿತೆಂಬಂತೆ ಅವರ ಪಾದಕ್ಕೆ ಕೈ ಚಾಚಿದಳು.

"ಅಯ್ಯೋ, ಬ್ಯಾಡ ಕಣವ್ವ! ಕಾಲು ಉಳ್ಸಿದ್ ಕೈಯ ಕಾಲಿಗ್ ಮುಟ್ಟುಸ್ಬಾರ್ದು," ಎನ್ನುತ್ತ ಸುಬ್ಬಮ್ಮ ಎಡಗಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

ಚಾಚಿದ ಕೈಯನ್ನು ಎಲ್ಲಿಡಬೇಕೋ ಭವ್ಯಶ್ರೀಗೆ ತಿಳಿಯಲಿಲ್ಲ.