ಪುಸ್ತಕದಲ್ಲಿ ಬರೆಯದ ಹೆಸರು

ಒಣದ್ರಾಕ್ಷಿಯ ಪಾಕೀಟು ಒಡೆದಾಗ ಗಂಧಕದ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ನಿಂತುಬಿಡುತ್ತದೆ.

ಹಳದಿ ಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟ ದ್ರಾಕ್ಷಿಯ ತೊಟ್ಟು ಬಿಡಿಸುತ್ತ ಆ ಮಧ್ಯಾಹ್ನ ಹೆಂಗಸರೆಲ್ಲ ನಮ್ಮ ತೋಟದ ಶೆಡ್ಡಿನಲ್ಲಿ ಕೂತಿದ್ದರು. ಆರನೇ ಇಯತ್ತೆಯ ನಾನು ಅವರಿಗೆ ಕಾದಂಬರಿ ಓದಿ ಹೇಳುತ್ತಿದ್ದೆ. ಪ್ರೀತಿಯ ವಿಷಯ ಮನೆಯವರಿಗೆ ಗೊತ್ತಾಗಿ, ಹುಡುಗ ಹುಡುಗಿ ಕೈ ಹಿಡಿದುಕೊಂಡೇ ಹೊಳೆಗೆ ಹಾರಿದ ಪುಟ ಬಂದಾಗ ನನಗೆ ಅಕ್ಷರವೇ ಕಾಣದಷ್ಟು ಅಳು. ಎಲ್ಲರೂ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಕ್ಕ ಮಾತ್ರ ಅಳಲಿಲ್ಲ. "ಮನ್ಯಾಗ ಯಾರ್ ಹೇಳಿದ್ರಂತ?" ಅಂದಳು.

"ಅದನ್ನ ಬರದಿಲ್ಲಕ್ಕಾ."

ಅಪ್ಪನ ತಾಯಿ, ನಮ್ಮ ಆಯಿ, ಅಕ್ಕನನ್ನೇ ನೋಡುತ್ತ, "ಅಳೂ ಹುಡುಗ್ಯಾರದು ಏನ್ ಚಿಂತಿಲ್ಲ. ಅಳದಾಕಿನ್ನ ಕಂಡ್ರ ನನಗ ಅಂಜಿಕಿ ಬರತೈತಿ," ಅಂದಳು.

ಸಂಜೆ ಅಪ್ಪ ಬಂದು ಅಕ್ಕ ಎಲ್ಲಿ ಎಂದು ಕೇಳಿದಾಗ ನನ್ನ ಕಣ್ಣುಗಳು ಇನ್ನೂ ಕೆಂಪಗಿದ್ದವು.

"ಕೆನಾಲ್ ಹತ್ರ ಅದಾಳಪ್ಪಾ. ದ್ರಾಕ್ಷಿಗೆ ಔಷಧ ಹೊಡ್ಯಾಕ ಬರತಾನಲ್ಲ, ಅವನ ಜೋಡಿ ದಿನಾ ಮಾತಾಡ್ಕೋತ ಕುಂದರ್ತಾಳ."

ಹೇಳಿದವಳೇ ಮತ್ತೆ ಅದೇ ಪುಟ ತೆಗೆದು ಅಳತೊಡಗಿದೆ. ಹೊರಗೆ ಅಪ್ಪ ಕಾಕಾನನ್ನು ಕೂಗಿ ಕರೆದದ್ದು, ಆಮೇಲೆ ಬೈಕು ಶುರುವಾಗಿ ಕೆನಾಲಿನ ಕಡೆ ಹೋದದ್ದು ಕೇಳಿಸಿತು.