ಕನಕಾಭಿಷೇಕ

ಮರಿಮಗನ ಮುಖ ಕಂಡ ಮುತ್ತಜ್ಜಿಯ ನೆತ್ತಿಯ ಮೇಲೆ ಜರಡಿ ಹಿಡಿದು, ಅದರೊಳಗಿಂದ ಬಂಗಾರದ ಹೂ ಸುರಿಯುವುದು ಆ ಮನೆತನದ ಪದ್ಧತಿ. ಅದಕ್ಕೆಂದೇ ಹೊಸ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದ ತಾಯಿ ವಾಲದಂತೆ, ಮಗಳು ಬೆನ್ನಿಗೆ ಕೈ ಕೊಟ್ಟು ಕೂತಿದ್ದಳು. ಆ ಮಗಳ ಹೆಸರನ್ನೂ ತಾಯಿ ಮರೆತು ವರ್ಷಗಳಾಗಿದ್ದವು.

ಹಬ್ಬಕ್ಕೊಮ್ಮೆ ಬಂದುಹೋಗುವ ಅಣ್ಣ ಮೈಕು ಹಿಡಿದಿದ್ದ. "ನಮ್ಮವ್ವ ಹನ್ನೊಂದು ತುಂಬೂದ್ರಾಗ ಈ ಮನಿಗೆ ಸೊಸಿಯಾಗಿ ಬಂದ್ಲು. ಒಲಿ ಮುಂದ ಕೂತಾಕಿ ಮತ್ತ ಏಳ್ಲಿಲ್ಲ."

ತಾಯಿ ಮಗಳ ಕಡೆ ಬಾಗಿದಳು. "ಯಾರ ಸುದ್ದಿ ಹೇಳ್ಲಿಕ್ಕತ್ತಾನ ಅಂವಾ?"

"ಈ ಮನಿ ಹಿರೇ ಹೆಣ್ಮಗಳದ್ದು. ಕೇಳವ್ವಾ."

ಮೈಕಿನಲ್ಲಿ ಅಣ್ಣ ಮುಂದುವರಿಸಿದ. "ಎರಡು ಕೂಸು ಮಣ್ಣಿಗೆ ಕೊಟ್ಲು. ಅಪ್ಪ ಹೋದಾಗ ನಾವೆಲ್ಲಾ ಸಣ್ಣವ್ರು. ಒಂದು ದಿನಾನೂ ಆಕಿ ಕಣ್ಣಾಗ ನೀರು ನೋಡ್ಲಿಲ್ಲ ನಾವು!"

ಜನ ಚಪ್ಪಾಳೆ ತಟ್ಟಿದರು. ತಾಯಿಯ ಕಣ್ಣು ತುಂಬಿ ಬಂತು. "ಅಳ್ಲಿಕ್ಕೆ ಪುರಸೊತ್ತರೆ ಎಲ್ಲಿತ್ತು ಆಕೀಗೆ?"

ಸೊಸೆಯರು ಜರಡಿ ಎತ್ತಿ ಹಿಡಿದರು. ಪುಟ್ಟ ಪುಟ್ಟ ಬಂಗಾರದ ಹೂಗಳು ಬಿಳಿಗೂದಲ ಮೇಲೆ ಉದುರಿದವು. ತಾಯಿ ಬೆಚ್ಚಿ ಮಗಳ ಕೈ ಹಿಡಿದುಕೊಂಡಳು.

"ಆ ಹೆಣ್ಮಗಳು ತೀರಿಕೊಂಡು ಎಷ್ಟು ದಿನಾತು?"

ಮಗಳು ಆ ಕೈಯ ಮೇಲೆ ತನ್ನ ಕೈ ಇಟ್ಟಳು. "ಹಂಗನಬ್ಯಾಡವ್ವಾ. ಆಕಿ ಇನ್ನೂ ಇದ್ದಾಳ. ತೊಂಬತ್ತಾರು ಈಗ."

ಹಣೆಗೆ ಅಂಟಿದ ಹೂವನ್ನು ನೊಣ ಓಡಿಸುವಂತೆ ಕೊಡವಿ, ತಾಯಿ ಲೊಚಗುಟ್ಟಿದಳು.

"ಅಯ್ಯ ಪಾಪ! ಇನ್ನೂ ಬಿಡುಗಡಿ ಆಗಿಲ್ಲೇನು ಆಕೀಗೆ?"